ಗುಡ್ಡದ ಲೈನು

ಡಾಕ್ಟರು ಬಾಗಿಲು ದೂಡಿಕೊಂಡು ಒಳಗೆ ಬಂದಾಗ ಎಂಜಿನಿಯರಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಪರದೆಯ ಮೇಲೆ ಗುಡ್ಡದ ಆರೋಗ್ಯ ಕೇಂದ್ರದ ನರ್ಸು, ತೂಕದ ಯಂತ್ರವೇರಿ ಕೂತ ಕೋಳಿಯೊಂದು ಇಳಿಯಲೊಲ್ಲದೆ ಎಬ್ಬಿಸಿದ ರಂಪವನ್ನು ಕೈ ತಿರುಗಿಸಿ ತಿರುಗಿಸಿ ಹೇಳುತ್ತಿದ್ದಳು.

"ಯಾರು ಲೈನ್ ಹಿಡ್ಕೊಂಡಿರೋದು? ಆಗ್ಲಿಂದ ನೋಡ್ತಿದ್ದೀನಿ, ಬರೀ ಬ್ಯುಸಿ!" ಮೆಟ್ಟಿಲಿಳಿದು ಓಡಿಬಂದ ಡಾಕ್ಟರಿಗೆ ಏದುಸಿರು.

"ಟೆಸ್ಟ್ ನಡೀತಿದೆ ಡಾಕ್ಟ್ರೇ," ಎಂದಳು ಎಂಜಿನಿಯರಮ್ಮ. ಟೆಸ್ಟು ಮುಗಿದು ಬಹಳ ಹೊತ್ತಾಗಿತ್ತು.

ಆಸ್ಪತ್ರೆಯ ವಿಡಿಯೊ ಜಾಲಕ್ಕೆ ಎರಡು ಯಂತ್ರ ಆರಿಸುವ ಕೆಲಸ ಅವಳದು. ಒಂದು ಗೇಟ್‌ವೇ. ಗುಡ್ಡದ ಹಳೇ ಟೆಲಿಫೋನ್ ತಂತಿಗೂ ಆಸ್ಪತ್ರೆಯ ಹೊಸ ಜಾಲಕ್ಕೂ ಭಾಷೆ ಬೇರೆ. ಇದು ನಡುವೆ ನಿಂತ ದುಭಾಷಿ. ಅದನ್ನು ಅಳೆದು ಸುರಿದು ಆರಿಸಿಯಾಗಿತ್ತು. ಇನ್ನೊಂದು ಗೇಟ್‌ಕೀಪರ್. ಯಾವ ಕೋಣೆಯಿಂದ ಯಾರಿಗೆ ಕರೆ ಹೋಗಬೇಕು, ಹೋಗಬಾರದು ಎಂದು ಬಾಗಿಲಲ್ಲಿ ನಿಂತು ತೀರ್ಮಾನಿಸುವ ಕಾವಲುಗಾರ. ಅದರಲ್ಲಿ ಎರಡು ಮಾದರಿ ಪರೀಕ್ಷೆಗೆ ಬಂದಿದ್ದವು. ಮೊದಲನೆಯದು ಧಾರಾಳಿ, ಯಾರು ಮೊದಲು ಕರೆದರೆ ಅವರಿಗೆ ಲೈನು. ಎರಡನೆಯದು ಕಟ್ಟುನಿಟ್ಟಿನದು, ಹೇಳಿದವರನ್ನು ಬಿಟ್ಟು ನರಪಿಳ್ಳೆಯನ್ನೂ ಬಿಡದು. ಈಗ ಧಾರಾಳಿಯ ಸರದಿ ನಡೆದಿತ್ತು.

ಪರೀಕ್ಷೆಯೆಂದರೆ ಆ ತುದಿಯಲ್ಲಿ ಯಾರಾದರೂ ಮಾತಾಡುತ್ತಿರಬೇಕು. ಮೊದಲ ದಿನ ನರ್ಸು ಒಂದು, ಎರಡು, ಮೂರು ಎಂದು ಎಣಿಸಿ ಸುಮ್ಮನಾಗಿಬಿಟ್ಟಿದ್ದಳು. ಏನಾದರೂ ಮಾತಾಡಿ ಎಂದರೆ, "ಏನ್ ಮಾತಾಡ್ಲಿ ಮೇಡಂ? ಇಲ್ಲಿ ನಾನೊಬ್ಳೇ. ರೋಗಿಗಳು ಬಂದ್ರೆ ನೋವಿನ ಮಾತು, ಹೋದ್ಮೇಲೆ ಗೋಡೆ ಜೊತೆ ಮಾತು," ಎಂದಿದ್ದಳು. ಅಂಥ ಗೋಡೆಗಳ ಪರಿಚಯ ಎಂಜಿನಿಯರಮ್ಮನಿಗೆ ಚೆನ್ನಾಗಿತ್ತು. ಜೊತೆಗಿದ್ದ ಅಕ್ಕ ತೀರಿಕೊಂಡ ಮೇಲೆ ಅವಳ ಮನೆಯಲ್ಲಿ ದನಿಯೆತ್ತುತ್ತಿದ್ದುದು ಕುಕ್ಕರ್ ಒಂದೇ. ಟೆಸ್ಟು ದಿನದಿಂದ ದಿನಕ್ಕೆ ಉದ್ದವಾಯಿತು. ಮೇಡಂ ಹೋಗಿ ಅಕ್ಕ ಆದಳು.

ಡಾಕ್ಟರು ಅವಳನ್ನು ಸರಿಸಿ ಪರದೆಯ ಮುಂದೆ ಬಗ್ಗಿದರು. "ಸಿಸ್ಟರ್, ಬೆಳಿಗ್ಗೆ ತೋರಿಸಿದ್ರಲ್ಲ, ಆ ಅಜ್ಜನಿಗೆ ಕೊಟ್ಟ ಮಾತ್ರೆ ನಿಲ್ಲಿಸಿ. ರಕ್ತದ ರಿಪೋರ್ಟ್ ಈಗ ಬಂತು. ಅದು ಹೊಟ್ಟೆಗೆ ಹೋದ್ರೆ ಕಿಡ್ನಿ ಉಳಿಯಲ್ಲ."

"ಊಟ ಆದ್ಮೇಲೆ ತಗೊಳ್ಳಿ ಅಂತ ಹೇಳಿ ಕಳಿಸಿದ್ದೀನಲ್ಲ ಡಾಕ್ಟ್ರೇ!" ಎಂದವಳೇ ನರ್ಸು ಎದ್ದು ಓಡಿದಳು. ಗುಡ್ಡದಲ್ಲಿ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಇದ್ದ ತಂತಿ ಇದೊಂದೇ.

ಪರದೆಯಲ್ಲಿ ಖಾಲಿ ಕುರ್ಚಿ ಉಳಿಯಿತು. ಹಿಂದಿನ ಬಾಗಿಲು ಗಾಳಿಗೆ ಹೊಡೆದುಕೊಳ್ಳುತ್ತಿತ್ತು. ಎಂಜಿನಿಯರಮ್ಮ ಆ ಕುರ್ಚಿಯನ್ನೇ ನೋಡುತ್ತ, ಕೋಳಿಯ ಕಥೆಗೆ ತಾನು ನಕ್ಕ ನಗುವನ್ನೆಲ್ಲ ಮನಸ್ಸಿನಲ್ಲೇ ನುಂಗಿಕೊಳ್ಳುತ್ತ ಕೂತಳು.

ಎಷ್ಟೋ ಹೊತ್ತಿನ ಮೇಲೆ ನರ್ಸು ಬಂದಳು. ಕೂದಲು ಕೆದರಿತ್ತು, ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಬಿಗಿಹಿಡಿದ ಮುಷ್ಟಿಯನ್ನು ಕ್ಯಾಮೆರಾದ ಮುಂದೆ ಬಿಚ್ಚಿದಳು. "ತಟ್ಟೆ ಪಕ್ಕದಲ್ಲೇ ಇಟ್ಕೊಂಡಿದ್ರು ಡಾಕ್ಟ್ರೇ. ಮಜ್ಜಿಗೆ ಅನ್ನ ಕಲಸ್ತಿದ್ರು." ಅಂಗೈಯಲ್ಲಿ ಬಿಳಿ ಮಾತ್ರೆ ಬೆವರಿಗೆ ಅಂಟಿಕೊಂಡಿತ್ತು.

"ಟೆಸ್ಟ್ ಬೇಗ ಮುಗಿಸಿ ಮೇಡಂ," ಎಂದಷ್ಟೇ ಹೇಳಿ ಡಾಕ್ಟರು ಹೊರಟುಹೋದರು. ನಾಲ್ಕು ಮಾತು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಕಂಪನಿಯ ಸೇಲ್ಸ್‌ಮನ್ ಬಂದಾಗ ಅವಳು ಕಟ್ಟುನಿಟ್ಟಿನದನ್ನೇ ಆರಿಸಿದಳು. ಅವನಿಗೆ ಆಶ್ಚರ್ಯ. "ಮೊದಲ್ನೇದೇ ನಿಮಗಿಷ್ಟ ಅಂದ್ಕೊಂಡಿದ್ದೆ ಮೇಡಂ. ನಾನು ಬಂದಾಗೆಲ್ಲ ಈ ರೂಮಿಂದ ನಗು ಕೇಳಿಸ್ತಿತ್ತು."

"ಲೈನ್ ಇರೋದು ಒಂದೇ. ಮೊದ್ಲು ಬಂದೋರಿಗಲ್ಲ, ಬೇಕಾದೋರಿಗೆ ಸಿಗ್ಬೇಕು. ಡಾಕ್ಟರ ರೂಮುಗಳಿಗೆ ಮಾತ್ರ ಗುಡ್ಡದ ಲೈನ್ ಕೊಡಿ."

ಅವನು ಕೀಲಿಮಣೆ ಕುಟ್ಟುತ್ತ ದನಿ ತಗ್ಗಿಸಿದ. "ನಿಮ್ಮ ರೂಮೂ ಸೇರಿಸ್ಬಿಡ್ಲಾ? ಯಾರ ಕಣ್ಣಿಗೆ ಬೀಳುತ್ತೆ?"

ಎಂಜಿನಿಯರಮ್ಮ ಕಿಟಕಿಯ ಕಡೆ ನೋಡಿದಳು. "ಬೇಡ," ಎಂದಳು.

ಧಾರಾಳಿ ಯಂತ್ರವನ್ನು ಬಿಚ್ಚುವ ಮುನ್ನ ಅವಳು ಕಡೆಯ ಸಲ ಗುಡ್ಡಕ್ಕೆ ಕರೆ ಮಾಡಿ ವಿಷಯ ಹೇಳಿದಳು. ನರ್ಸು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಒಳ್ಳೇದಾಯ್ತು ಬಿಡಿ ಅಕ್ಕಾ. ನಿನ್ನೆ ಓಡ್ತಾ ಓಡ್ತಾ ನಂಗೂ ಅದೇ ಅನ್ಸಿತ್ತು," ಎಂದಳು. ಆಮೇಲೆ ನಗಲು ನೋಡಿದಳು. "ಇನ್ಮೇಲೆ ಡಾಕ್ಟರ ಸಿಡುಕು ಮುಖಾನೇ ಗತಿ ನಂಗೆ. ಅಕ್ಕಾ, ಊಟ ಸರಿಯಾಗಿ ಮಾಡಿ. ಕುಕ್ಕರ್ ಕೂಗಿದ್ ಮಾತ್ರಕ್ಕೆ ಹೊಟ್ಟೆ ತುಂಬಲ್ಲ."

"ನೀನೂ ಚಪ್ಪಲಿ ಹುಡುಕ್ಕೋ," ಎಂದಳು ಎಂಜಿನಿಯರಮ್ಮ. ಬೇರೆ ಏನೋ ಹೇಳಬೇಕಿತ್ತು. ಅಷ್ಟರಲ್ಲಿ ಸೇಲ್ಸ್‌ಮನ್ ತಂತಿ ಕೀಳಲು ಬಂದು ನಿಂತಿದ್ದ.

ಹೊಸ ಯಂತ್ರ ಜೋಡಿಸಿಯಾಯಿತು. ಡಾಕ್ಟರ ಕೋಣೆಯಿಂದ ಕರೆ ಸಲೀಸಾಗಿ ಹೋಯಿತು. ಉಳಿದದ್ದು ಒಂದೇ ಪರೀಕ್ಷೆ, ಬಿಡಬಾರದವರನ್ನು ತಡೆಯುತ್ತದೆಯೋ ಇಲ್ಲವೋ ನೋಡುವುದು. ಬೇರೆ ಯಾವ ಕೋಣೆಗೂ ಹೋಗದೆ ಎಂಜಿನಿಯರಮ್ಮ ತನ್ನ ಕುರ್ಚಿಯಲ್ಲೇ ಕೂತು, ಬಾಯಿಪಾಠವಾಗಿದ್ದ ಗುಡ್ಡದ ನಂಬರನ್ನು ಒತ್ತಿದಳು. ಒಂದು ರಿಂಗೂ ಆಗಲಿಲ್ಲ. ಈ ಕರೆಗೆ ಅನುಮತಿ ಇಲ್ಲ ಎಂಬ ಸಾಲು ಪರದೆಯ ನಡುವೆ ಮೂಡಿ ನಿಂತಿತು.

ಸೇಲ್ಸ್‌ಮನ್ ಖುಷಿಯಿಂದ ಚಪ್ಪಾಳೆ ತಟ್ಟಿದ. "ನೋಡಿದ್ರಾ ಮೇಡಂ, ಎಂಥಾ ಮಾಲು! ನಿಮ್ಮನ್ನೇ ಬಿಡ್ಲಿಲ್ಲ!"