ಗೋಡೆಯ ಮೇಲಿನ ಸೈಡ್ ಡ್ರಮ್

ಗೋಡೆಗೆ ನೇತುಹಾಕಿದ್ದ ಬ್ಯಾಂಡಿನ ಸೈಡ್ ಡ್ರಮ್ ಝರ್ ಎಂದು ಅದುರತೊಡಗಿದಾಗ ಬಸಕ್ಕ ತಲೆಯೆತ್ತಿದಳು. ಅದನ್ನು ಯಾರೂ ಮುಟ್ಟಿರಲಿಲ್ಲ. ಗೋಡೆಯಾಚೆಯ ಕಾರ್ಖಾನೆಯಲ್ಲಿ ಪ್ರೆಸ್ ಮಷಿನ್ ಬಡಿದಾಗಲೆಲ್ಲ ಡ್ರಮ್ಮಿನ ಅಡಿಯ ತಂತಿಗಳು ಹೀಗೇ ಸದ್ದು ಮಾಡುತ್ತಿದ್ದವು. ಆ ಮಷಿನ್ ಆರು ದಿನದಿಂದ ನಿಂತಿತ್ತು. ಬಸಕ್ಕನ ಗಂಡ ಸಂಗಣ್ಣ ಅದಕ್ಕೆ ಸಿಕ್ಕಿ ಸತ್ತಿದ್ದ. ಮೈಕೈ ಸಿಗದಂತೆ ತಡೆಯುವ ಗಾರ್ಡ್ ಕೂಡಿಸುವ ತನಕ ಅದನ್ನು ಯಾರೂ ನಡೆಸುವುದಿಲ್ಲ ಎಂದು ಜೊತೆಯ ಕೆಲಸಗಾರರೆಲ್ಲ ಹೆಣದ ಮುಂದೆ ನಿಂತು ಹೇಳಿದ್ದರು.

ಊಟ ತಂದಿದ್ದ ಪಕ್ಕದ ಮನೆಯ ಮಹಾದೇವಿ ತಾಟು ಕೆಳಗಿಟ್ಟು ಡ್ರಮ್ಮಿನ ಹತ್ತಿರ ಓಡಿದಳು. ರಾತ್ರಿ ಪಾಳಿಯಿದ್ದ ವಾರಗಳಲ್ಲಿ ಹಗಲು ಮಲಗುವಾಗ ಸಂಗಣ್ಣ ತಂತಿಯ ಸಂದಿಗೆ ಬಟ್ಟೆ ತುರುಕುತ್ತಿದ್ದುದನ್ನು ಅವಳು ನೋಡಿದ್ದಳು. ಈಗ ತನ್ನ ಸೆರಗಿನ ತುದಿಯನ್ನೇ ತುರುಕಿ ಹಿಡಿದು ನಿಂತಳು. ಸದ್ದು ಅಡಗಿತು.

"ಒಳಗ ಯಾರ್ ಹೋಗ್ಯಾರ?" ಬಸಕ್ಕ ಕೇಳಿದಳು.

ಮಹಾದೇವಿ ತಿರುಗಲಿಲ್ಲ. "ನಮ್ಮನಿಯವ್ರು, ಅಕ್ಕಾ. ಇವತ್ತ ಬರದಿದ್ರ ಮುಂದ ಬರಬ್ಯಾಡ ಅಂದ್ರಂತ."

"ಗಾರ್ಡ್ ಹಾಕ್ಯಾರೇನು?"

"ಇಲ್ಲ."

ಬಸಕ್ಕ ಎದ್ದು ಬಂದಳು. ಬೈಗುಳಕ್ಕೆ ಸಿದ್ಧಳಾಗಿ ಮಹಾದೇವಿ ತಲೆ ತಗ್ಗಿಸಿದಳು. ಬಸಕ್ಕ ಬೈಯಲಿಲ್ಲ. ತಂತಿಯ ಸಂದಿಯಿಂದ ಸೆರಗನ್ನು ಮೆಲ್ಲಗೆ ಬಿಡಿಸಿದಳು. ಡ್ರಮ್ ಮತ್ತೆ ಅದುರತೊಡಗಿತು.

"ಇದನ್ನ ಬಂದ್ ಮಾಡಬ್ಯಾಡ, ಕೇಳ್ಕೋತ ಕುಂಡ್ರು," ಎಂದಳು. "ಅವತ್ತ ಹನ್ನೊಂದಕ್ಕ ಇದು ನಿಂತಾಗ, ಚಾ ಕುಡ್ಯಾಕ ಬಿಟ್ಟಾರ ಅನ್ಕೊಂಡು ನಾ ಅರಿವಿ ಒಗ್ಯಾಕ ಹೋದೆ."