ಹೆಣ್ಣು ಕೋತಿಯ ಗಂಡು ಜೀನ್

ಹೆಣ್ಣು ಕೋತಿಯ ರಕ್ತದಲ್ಲಿ ಗಂಡಿನ ಜೀನ್ ಕಾಣಿಸಿದ್ದೇ ತಡ, ಪ್ರೊಫೆಸರರನ್ನು ಹಿಡಿಯುವವರೇ ಇಲ್ಲದಂತಾಯಿತು.

"ಕೋತಿಯಾಗಲಿ ಮನುಷ್ಯನಾಗಲಿ, ಈ ಜೀನ್ ಇದ್ರೆ ಗಂಡು, ಇಲ್ದಿದ್ರೆ ಹೆಣ್ಣು. ಕೋಟ್ಯಂತರ ವರ್ಷದ ಕಟ್ಟಳೇನೇ ಮುರಿದುಬಿಟ್ಟಿದ್ದಾಳೆ ನಮ್ಮ ಕೋತಿ! ನೀವು ಹುಡುಗೀರು ತಿಂಗಳುಗಟ್ಟಲೆ ತಡಕಾಡಿದ್ರೂ ಸಿಗದೇ ಇದ್ದದ್ದು ನಾನು ಕೈ ಹಾಕಿದ ದಿನವೇ ಸಿಕ್ತು, ನೋಡಮ್ಮಾ."

ಸಂಶೋಧಕಿ ಹುಡುಗಿ ಮೆಲ್ಲಗೆ ಅಂದಳು, "ಸರ್, ನಾವು ಗ್ಲೌಸ್ ಹಾಕ್ಕೊಂಡು ಮಾಡಿದಾಗ ಒಂದ್ಸಲವೂ ಬಂದಿರಲಿಲ್ಲ. ಇನ್ನೊಮ್ಮೆ ನೋಡೋಣ್ವಾ?"

"ಗ್ಲೌಸಂತೆ! ಬರಿಗೈಯಲ್ಲಿ ಮಾಡಿದ್ರೇನೇ ಕೆಲಸಕ್ಕೆ ಹದ ಬರೋದು. ಪೇಪರಿನವರಿಗೆ ಆಗಲೇ ಹೇಳಿಯಾಯ್ತು. ನೀನು ಆ ಜೀನಿನ ಡಿಎನ್‌ಎ ಅಕ್ಷರಗಳನ್ನ ಯಂತ್ರದಲ್ಲಿ ಓದಿಸಿ ತಗೊಂಡು ಬಾ, ಹೋಗು."

ಅವಳು ಓದಿಸಿದಳು. ಕೋತಿಯ ಗಂಡು ಜೀನಿಗೂ ಮನುಷ್ಯನ ಗಂಡು ಜೀನಿಗೂ ಎಷ್ಟೋ ಅಕ್ಷರ ಬೇರೆ ಇರಬೇಕು. ಇಲ್ಲಿ ಒಂದೇ ಒಂದೂ ಬೇರೆ ಇರಲಿಲ್ಲ, ಅಚ್ಚು ಮನುಷ್ಯನದೇ. ಅವಳಿಗೆ ನಗು ಬಂತು, ಆದರೆ ತಡೆದುಕೊಂಡಳು. ಮುಂದಿನ ವರ್ಷ ತನ್ನ ಪಿಎಚ್‌ಡಿಗೆ ಸಹಿ ಹಾಕಬೇಕಾದವರು ಇವರೇ.

ಅವಳು ವಾಪಸು ಬರುವಷ್ಟರಲ್ಲಿ ಪತ್ರಕರ್ತರು ಕ್ಯಾಮೆರಾ ಹಿಡಿದು ಬಾಗಿಲಲ್ಲಿದ್ದರು. ಪ್ರೊಫೆಸರು ತಲೆ ಬಾಚಿಕೊಳ್ಳುತ್ತಲೇ ಅವಳು ತಂದ ಹಾಳೆಯ ಮೇಲೆ ಕಣ್ಣಾಡಿಸಿ ಕೂಗಿದರು.

"ನೋಡಿದಿರಾ! ಕೋತಿಯೊಳಗೆ ಮನುಷ್ಯನ ಜೀನ್! ಇದು ಯಾವ ಗಂಡಿನಿಂದ ಬಂತು ಅಂತ ಹುಡುಕೋದಕ್ಕೇ ಇನ್ನೊಂದು ಜನ್ಮ ಬೇಕು!"

"ಅಷ್ಟು ದೂರ ಬೇಡ ಸರ್," ಅಂದಳು ಅವಳು. "ಈ ಲ್ಯಾಬಲ್ಲಿ ಗಂಡಸು ಅಂತ ಇರೋದು ನೀವೊಬ್ಬರೇ, ಆ ರಕ್ತಕ್ಕೆ ಬರಿಗೈ ಹಾಕಿದ್ದೂ ನೀವೊಬ್ಬರೇ."