ಸಾಯಲು ಹುಕುಂ ಇಲ್ಲದ ರಾಜ

ಮಸ್ಕಿ ಗುಡ್ಡದ ನೆತ್ತಿಗೆ ಬಿಸಿಲು ಬಿದ್ದು, ದನಗಳು ಮೇಯಲು ಹೊರಟರೂ ಬಯಲಾಟದ ದುಷ್ಟ ರಾಜ ಇನ್ನೂ ಸತ್ತಿರಲಿಲ್ಲ. ಆಟದ ಅಟ್ಟದ ಮೇಲೆ ಸಿಂಹಾಸನದಲ್ಲಿ ರಾಜನ ವೇಷದ ದುರುಗಪ್ಪ ಮೀಸೆ ತಿರುವುತ್ತ ಕೂತಿದ್ದ. ಅವನ ಒಡಲು ಮಾತ್ರ ಹಟ್ಟಿಯ ಗಣಿಯಲ್ಲಿ ಚಿನ್ನ ಕರಗಿಸುವ ಕುಲುಮೆಗಿಂತ ಜೋರಾಗಿ ಉರಿಯುತ್ತಿತ್ತು.

ಉರಿಯದೆ ಏನಾದೀತು? ಊರ ಬಾವಿಗೆ ಬೀಗ ಜಡಿದ ರಾಜನನ್ನು ಕುರಿ ಕಾಯುವ ಹೊನ್ನವ್ವ ಕೊಲ್ಲುವ ಕಥೆ ಅದು. ಅಜ್ಜಿಯರ ಬಾಯಲ್ಲಿದ್ದ ಕಥೆಗೆ ಹಾಡು ಕಟ್ಟಿ ಊರವರೇ ಆಡುತ್ತ ಬಂದಿದ್ದರು. ಅದರಲ್ಲಿ ದುರುಗಪ್ಪನ ಹಾಗೆ ಸಾಯುವ ಗಂಡಸು ನಿಜಾಮನ ಹದಿನಾರು ಜಿಲ್ಲೆ ಜಾಲಾಡಿದರೂ ಸಿಗುತ್ತಿರಲಿಲ್ಲ. ಅವನು ಎದೆ ಹಿಡಿದು ದಢಾರನೆ ಬಿದ್ದರೆ ಸಿಂಧನೂರಿನಲ್ಲಿ ಮಲಗಿದ ಎಮ್ಮೆಗಳು ಎದ್ದು ನಿಲ್ಲುತ್ತಿದ್ದವು. ಲಿಂಗಸುಗೂರಿನಲ್ಲಿ ಒಬ್ಬ ವಕೀಲರ ಕನ್ನಡಕ ಬಿರುಕು ಬಿಟ್ಟಿತ್ತು. ಸ್ವಂತ ಹೆಂಡತಿಯೇ ಎರಡು ಸಲ ಬಳೆ ಒಡೆದುಕೊಂಡಿದ್ದಳು.

ಇಂಥವನ ಸಾವಿಗೆ ಠಾಣೆಯ ಅಮೀನರು ಅಡ್ಡ ಬಂದಿದ್ದರು. ರಾತ್ರಿ ಆಟ ಶುರುವಾಗುವ ಹೊತ್ತಿಗೆ ಬಂದು, "ನಿಜಾಮ ಸರ್ಕಾರದ ಮುಲ್ಕಿನ್ಯಾಗ ಬಾದಶಹಾ ಸಾಯೂದಿಲ್ಲ. ಹಾಡ್ರಿ, ಕುಣೀರಿ. ಬಾದಶಹಾಗ ಏನೂ ಆಗಬಾರದು," ಎಂದು ಹುಕುಂ ಕೊಟ್ಟು, ಮುಂದೆಯೇ ಕುರ್ಚಿ ಹಾಕಿಸಿಕೊಂಡು ಕೂತುಬಿಟ್ಟಿದ್ದರು.

"ಇಪ್ಪತ್ತು ವರ್ಷ ಸತ್ತೀನಿ," ದುರುಗಪ್ಪ ಪೇಟಿ ನುಡಿಸುವ ನನ್ನೇಸಾಬನ ಕಡೆ ಬಾಗಿ ಹಲ್ಲು ಕಡಿದ. "ನನ್ನ ಸಾವಿಗೆ ಪರವಾನಗಿ ಕೊಡಾಕ ಇಂವ ಯಾವನಲೇ?"

"ಹಂಗಾದ್ರ ಸಾಯಬ್ಯಾಡ, ಕುಂದ್ರು. ನೀ ಇರೋತನಕ ನಾ ಮಂಗಳ ಹಾಡ್ಸೂದಿಲ್ಲ," ಎಂದ ನನ್ನೇಸಾಬ.

ಆ ಮಾತು ಸಣ್ಣದಲ್ಲ. ದುಷ್ಟ ಬೀಳದೆ ಮಂಗಳ ಹಾಡುವಂತಿಲ್ಲ, ಮಂಗಳವಾಗದೆ ವೇಷ ಕಳಚುವಂತಿಲ್ಲ, ನೋಡಲು ಕೂತವರು ಏಳುವಂತಿಲ್ಲ. ಅಜ್ಜಂದಿರು ಹಾಕಿದ ಕಟ್ಟು. ಹೊನ್ನವ್ವನ ಸೀರೆ ಉಟ್ಟ ಅಯ್ಯಪ್ಪ ಕತ್ತಿ ಎತ್ತಿ ಹಾಡಿದ, ಇಳಿಸಿ ಹಾಡಿದ, ಮತ್ತೆ ಎತ್ತಿದ. ಕೂತವರು ಕೂತೇ ಇದ್ದರು. ಹೊಲಕ್ಕೆ ಹೊರಟವರು ಇದೇನು ಇನ್ನೂ ಮುಗಿದಿಲ್ಲ ಎಂದು ಬಂದು, ಬುತ್ತಿ ಗಂಟು ಮಗ್ಗುಲಲ್ಲಿಟ್ಟು ಅವರೂ ಕೂತರು. ಬಯಲು ಸಾಲದೆ ಜನ ಬಂಡೆಗಳ ಮೇಲೆ ಹತ್ತಿದರು. ಆ ಭಾರಕ್ಕೆ ಮಸ್ಕಿಯ ಗುಡ್ಡ ಒಂದು ಗೇಣು ಕುಸಿದದ್ದು ಇವತ್ತಿಗೂ ಮೇಲೆದ್ದಿಲ್ಲ.

ಹೆಂಗಸರ ನಡುವಿನಿಂದ ಮುದುಕಿ ತಿಮ್ಮವ್ವ ಕೇಳಿದಳು: "ಏ ಹೊನ್ನವ್ವಾ, ಕತ್ತಿ ಕೈಗೆ ಅಂಟೈತೇನ? ಒಂದೇಟು ಹಾಕಬಾರದ?"

"ಸಾಯ್ಸಾಕ ಅಮೀನರ ಹುಕುಂ ಇಲ್ಲಬೇ, ಆಯಿ."

"ಹೌದ? ಬಾವಿಗೆ ಬೀಗ ಹಾಕಾಕ ಇತ್ತೇನು?"

ಯಾರೂ ನಗಲಿಲ್ಲ. ಹತ್ತು ಮಂದಿ ಕೂಡಿ ಕೂರಲೂ ಸರ್ಕಾರದ ಪರವಾನಗಿ ಬೇಕಾಗಿದ್ದ ಕಾಲ. ಅಮೀನರು ಹಿಂದೆ ತಿರುಗಿ ನೋಡಿದರೆ ಇಡೀ ತಾಲೂಕೇ ಕೂತಿತ್ತು. ಎದ್ದು ಅಟ್ಟದ ಹತ್ತಿರ ಬಂದು ದನಿ ತಗ್ಗಿಸಿದರು.

"ದುರುಗಪ್ಪಾ, ಸಾಕು. ಮುಗಿಸು."

"ಹೆಂಗ ಮುಗಸ್ಲಿರಿ ಸಾಹೇಬ್ರ? ಜೀವಂತ ಅದೀನಲ್ಲ."

ಅಮೀನರು ಕೊರಳ ಗುಂಡಿ ಬಿಚ್ಚಿದರು. "ಆತು, ಸಾಯಿ. ಆದ್ರ ಸದ್ದಾಗಬಾರದು."

ಸದ್ದಿಲ್ಲದೆ ಸಾಯುವುದೆಂದರೆ ದುರುಗಪ್ಪನ ಪಾಲಿಗೆ ಸತ್ತ ಹಾಗೇ ಅಲ್ಲ. ಎಮ್ಮೆ ಏಳಿಸುವ ಆ ದಢಾರ್ ಅವನ ಗಂಟಲವರೆಗೆ ಬಂದು ನಿಂತಿತ್ತು. ರಾತ್ರಿಯಿಂದ ಕೂತ ಮಂದಿಯ ಮುಖ ನೋಡಿದ. ಆ ದಢಾರನ್ನು ನುಂಗಿಕೊಂಡ. ಅಯ್ಯಪ್ಪನ ಕತ್ತಿ ಎದೆಗೆ ತಾಗಿದ್ದೇ ತಡ, ಹಗ್ಗದ ಮೇಲಿನ ಒದ್ದೆ ಧೋತರ ಜಾರಿದ ಹಾಗೆ ಸಿಂಹಾಸನದಿಂದ ಜಾರಿ ಹಲಗೆಯ ಮೇಲೆ ಒರಗಿದ. ಇರುವೆಗೂ ಕೇಳಿಸಲಿಲ್ಲ.

ಚಪ್ಪಾಳೆ ಇಲ್ಲ, ಸಿಳ್ಳೆ ಇಲ್ಲ. ಜನ್ಮದ ಸಾವೇ ಹಾಳಾಯಿತಲ್ಲ ಎಂದು ದುರುಗಪ್ಪ ಒಂದು ಕಣ್ಣು ಅರೆ ತೆರೆದ.

ಬಿದ್ದ ರಾಜನನ್ನು ಒಬ್ಬರೂ ನೋಡುತ್ತಿರಲಿಲ್ಲ. ಬಯಲಿನವರು, ಬಂಡೆಯ ಮೇಲಿನವರು, ಕತ್ತಿ ಹಿಡಿದ ಅಯ್ಯಪ್ಪ, ಎಲ್ಲರೂ ಅಮೀನರನ್ನು ನೋಡುತ್ತಿದ್ದರು. ಅಮೀನರು ತಲೆಯ ಸರ್ಕಾರಿ ಟೋಪಿಯನ್ನು, ಈಗಲೇ ಉರುಳೀತೆಂಬಂತೆ, ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದರು.